ಗ್ಯಾಸ್ ಹಾಕಿಸಿದರೂ ತಂಪಾಗದ ಕಾರು

ಮಾರ್ಚ್ ಕಾಲಿಟ್ಟರೆ ಸಾಕು, ರಾಯಚೂರು, ಕಲಬುರಗಿಯ ಗ್ಯಾರೇಜುಗಳಿಂದ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಕಾರಿನ ಎ.ಸಿ. ಕೆಲಸದವರಿಗೆ ಬಿಡುವೇ ಇರುವುದಿಲ್ಲ. ಬರುವ ದೂರು ಒಂದೇ: ‘ಕೂಲಿಂಗ್ ಬರ್ತಿಲ್ಲ’. ಸಿಗುವ ಉತ್ತರವೂ ಬಹುಪಾಲು ಒಂದೇ: ‘ಗ್ಯಾಸ್ ಕಮ್ಮಿ ಆಗಿದೆ ಸರ್, ಹಾಕಿಸಿಬಿಡಿ’. ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿಸಿಕೊಂಡು ಕಾರು ಹೊರಬೀಳುತ್ತದೆ. ಎರಡು ವಾರವೋ ಎರಡು ತಿಂಗಳೋ ತಣ್ಣನೆಯ ಗಾಳಿ ಬರುತ್ತದೆ. ಮುಂದಿನ ಬೇಸಿಗೆಯೊಳಗೆ ಅದೇ ಕಾರು ಅದೇ ಗ್ಯಾರೇಜಿನ ಮುಂದೆ ನಿಂತಿರುತ್ತದೆ. ಈ ಸುತ್ತು ಎಷ್ಟು ರೂಢಿಯಾಗಿದೆ ಎಂದರೆ, ಎಂಜಿನ್ ಆಯಿಲ್ ಬದಲಿಸುವ ಹಾಗೆ ಗ್ಯಾಸನ್ನೂ ವರ್ಷಕ್ಕೊಮ್ಮೆ ಹಾಕಿಸಬೇಕು ಎಂದೇ ಎಷ್ಟೋ ಮಾಲೀಕರು ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. ಕೆಟ್ಟ ಎ.ಸಿ.ಯ ವಿಚಾರದಲ್ಲಿ ನಾವು ಮೊದಲು ಕೇಳಬೇಕಾದದ್ದು ‘ಗ್ಯಾಸ್ ಎಷ್ಟಿದೆ’ ಎಂದಲ್ಲ, ‘ಶಾಖ ಎಲ್ಲಿ ಸಿಕ್ಕಿಕೊಂಡಿದೆ’ ಎಂದು. ಈ ಎರಡನೆಯ ಪ್ರಶ್ನೆಯಿಂದ ಹೊರಟರೆ ಹಣ ಉಳಿಯುತ್ತದೆ, ಯಂತ್ರ ಉಳಿಯುತ್ತದೆ, ಗಾಳಿಗೆ ಸೇರಬಾರದ ಅನಿಲ ಸೇರುವುದೂ ತಪ್ಪುತ್ತದೆ.

ಕಾರಿನ ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಅದನ್ನು ಹೊರುವ ಗ್ಯಾಸು ನಮ್ಮ ರಸ್ತೆಯ ಹೆಚ್ಚಿನ ಕಾರುಗಳಲ್ಲಿ ಆರ್-134ಎ. ತೆರೆದ ಗಾಳಿಯ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಇವ್ಯಾಪರೇಟರಿನಲ್ಲಿ, ಅಂದರೆ ಗ್ಯಾರೇಜಿನವರು ಕೂಲಿಂಗ್ ಕಾಯಿಲ್ ಎನ್ನುವ ಭಾಗದಲ್ಲಿ, ಕಡಿಮೆ ಒತ್ತಡದಲ್ಲಿ ಕುದಿದು ಕ್ಯಾಬಿನ್ನಿನ ಶಾಖ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡಿ ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ದ್ರವವಾಗಿ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ನುಗ್ಗಿ, ಒತ್ತಡ ಕಳೆದುಕೊಂಡು ಮತ್ತೆ ಇವ್ಯಾಪರೇಟರಿಗೆ ಬರುತ್ತದೆ. ಸುತ್ತು ಮುಚ್ಚಿದ ಸುತ್ತು. ಪೆಟ್ರೋಲಿನಂತೆ ಗ್ಯಾಸು ಉರಿದು ಖರ್ಚಾಗುವುದಿಲ್ಲ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 350ರಿಂದ 500 ಗ್ರಾಂ ಇರುತ್ತದೆ. ನಿಖರವಾದ ತೂಕವನ್ನು ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲೇ ಬರೆದಿರುತ್ತಾರೆ. ಆ ತೂಕ ಕಡಿಮೆಯಾಗಿದ್ದರೆ ಎಲ್ಲಿಂದಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸು ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ತೂಕ ಕಡಿಮೆಯೇ ಆಗಿರದಿದ್ದರೆ ತುಂಬಿಸಿದ್ದೆಲ್ಲ ಹೆಚ್ಚುವರಿ ಹೊರೆ, ಅದು ಸೋರಿಕೆಗಿಂತ ಕೆಟ್ಟದ್ದು.

ಆದ್ದರಿಂದ ತಪಾಸಣೆ ಗಾಳಿಯಿಂದ ಆರಂಭವಾಗಬೇಕು. ಅದಕ್ಕೆ ಖರ್ಚೂ ಇಲ್ಲ. ಬ್ಲೋವರ್ ಪೂರ್ತಿ ಇಟ್ಟರೂ ಗಾಳಿ ಮಂದವಾಗಿ ಬರುತ್ತಿದ್ದರೆ ಗ್ಯಾಸಿನ ಮಾತೇ ಬೇಡ. ಗ್ಲವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರನ್ನು ತೆಗೆದು ನೋಡಬೇಕು. ಬಳ್ಳಾರಿ, ಸಂಡೂರಿನ ಅದಿರಿನ ಧೂಳಿನಲ್ಲಿ ಓಡಿದ ಕಾರಿನ ಫಿಲ್ಟರು ಕೆಂಪು ಹಲಗೆಯಂತಾಗಿರುವುದು ಅಪರೂಪವಲ್ಲ. ಗಾಳಿ ಜೋರಾಗಿದ್ದು ಬೆಚ್ಚಗಿದ್ದರೆ, ಬಿಸಿ ಮತ್ತು ತಂಪು ಗಾಳಿಯನ್ನು ಬೆರೆಸುವ ಒಳಗಿನ ಕದ ಹೀಟರಿನ ಕಡೆಗೆ ಸಿಕ್ಕಿಕೊಂಡಿರಬಹುದು. ಹೊರಗಿನ ಗಾಳಿ ಎಳೆಯುವ ಕದ ಮುಚ್ಚದೆ ಇರಬಹುದು. ಮಲೆನಾಡಿನ ಮಳೆಗಾಲದಲ್ಲಿ ವೈಪರಿನ ಕೆಳಗೆ ಕೊಳೆತ ಎಲೆ ತುಂಬಿ, ಒಳಗೆ ನೀರು ಹರಿಯುವ ಡ್ರೇನ್ ಕೊಳವೆ ಕಟ್ಟಿಕೊಂಡರೆ, ಮುಂದಿನ ಸೀಟಿನ ಕಾಲಡಿ ಒದ್ದೆಯಾಗುತ್ತದೆ, ಹಳಸಿದ ವಾಸನೆ ಬರುತ್ತದೆ. ಈ ವಾಸನೆಗೂ ಗ್ಯಾಸಿಗೂ ಸಂಬಂಧವಿಲ್ಲ. ಒದ್ದೆಯಾಗಿಯೇ ಉಳಿದ ಇವ್ಯಾಪರೇಟರಿನ ಮೇಲೆ ಬೂಷ್ಟು ಹಿಡಿದಿದೆ, ಅಷ್ಟೆ.

ಹೊರಗಿನ ಗಾಳಿಯ ವಿಚಾರ ಇನ್ನೂ ಮುಖ್ಯ. ಹೆದ್ದಾರಿಯಲ್ಲಿ ಚೆನ್ನಾಗಿ ತಂಪಾಗುವ ಕಾರು ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತ ಕೂಡಲೇ ಬೆಚ್ಚಗೆ ಊದತೊಡಗಿದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ ಹೋಗಬೇಕು. ಓಡುವಾಗ ಎದುರು ಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಫ್ಯಾನಿನ ಮೋಟಾರು ಸುಸ್ತಾಗಿದ್ದರೆ, ರಿಲೇ ಹೋಗಿದ್ದರೆ, ಕಂಡೆನ್ಸರಿನ ರೆಕ್ಕೆಗಳ ನಡುವೆ ಹುಳ, ಮಣ್ಣು, ಪ್ಲಾಸ್ಟಿಕ್ ಚೂರು ತುಂಬಿದ್ದರೆ ಶಾಖ ಹೊರಹೋಗಲು ದಾರಿಯಿಲ್ಲ. ಇದನ್ನು ಪರೀಕ್ಷಿಸಲು ಒಂದು ಬಕೆಟ್ ನೀರು ಸಾಕು. ಕಾರು ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಕಂಡೆನ್ಸರಿನ ಮೇಲೆ ನಿಧಾನವಾಗಿ ನೀರು ಹಾಯಿಸಿ, ಒಳಗಿನ ಕಿಂಡಿಗೆ ಥರ್ಮಾಮೀಟರ್ ಹಿಡಿಯಬೇಕು. ಒಂದೆರಡು ನಿಮಿಷದಲ್ಲಿ ಗಾಳಿ ಗಮನಾರ್ಹವಾಗಿ ತಣ್ಣಗಾದರೆ ತೊಂದರೆ ಹೆಚ್ಚಾಗಿ ಶಾಖ ಬಿಡುವ ಕಡೆಗಿದೆ ಎಂದು ತಿಳಿಯಬಹುದು. ಇಂಥ ಕಾರಿಗೆ ಗ್ಯಾಸ್ ಸೇರಿಸಿದರೆ ಮೊದಲೇ ಏರಿದ್ದ ಒತ್ತಡ ಮತ್ತಷ್ಟು ಏರಿ ಕಂಪ್ರೆಸರಿನ ಆಯುಸ್ಸು ಕರಗುತ್ತದೆ.

ಗಾಳಿ ಸರಿಯಿದ್ದರೆ ಕರೆಂಟಿನ ಸರದಿ. ಎ.ಸಿ. ಬಟನ್ ಒತ್ತಿದಾಗ ಕಂಪ್ರೆಸರಿನ ಮುಂದಿನ ಮ್ಯಾಗ್ನೆಟಿಕ್ ಕ್ಲಚ್ ‘ಟಕ್’ ಎಂದು ಕೂರಬೇಕು. ಕೂರದಿದ್ದರೆ ಫ್ಯೂಸ್, ರಿಲೇ, ಒತ್ತಡದ ಸ್ವಿಚ್, ಕ್ಲಚ್ಚಿನ ಕಾಯಿಲ್ ಇವುಗಳನ್ನು ಮಲ್ಟಿಮೀಟರಿನಲ್ಲಿ ಒಂದೊಂದಾಗಿ ಹಿಡಿದು ನೋಡಬೇಕು. ವಾರಗಟ್ಟಲೆ ನಿಂತಿದ್ದ ಕಾರಿನಲ್ಲಿ ಇಲಿ ಕಡಿದ ವೈರು ಸಿಗುವುದು ನಮ್ಮ ಊರುಗಳಲ್ಲಿ ದಿನನಿತ್ಯದ ಮಾತು. ಇಲ್ಲಿ ಒಂದು ಎಚ್ಚರ ಬೇಕು: ಗ್ಯಾಸ್ ತೀರಾ ಕಡಿಮೆಯಾದಾಗಲೂ ಕಂಪ್ರೆಸರನ್ನು ಕಾಪಾಡಲೆಂದು ಒತ್ತಡದ ಸ್ವಿಚ್ ಕ್ಲಚ್ಚಿಗೆ ಕರೆಂಟು ನಿಲ್ಲಿಸುತ್ತದೆ. ಹಾಗಾಗಿ ಆ ಸ್ವಿಚ್ಚಿಗೆ ವೈರು ಜೋಡಿಸಿ ಬೈಪಾಸ್ ಮಾಡಿ ಓಡಿಸುವುದು ಅಪಾಯಕರ ಅಡ್ಡದಾರಿ. ಗ್ಯಾಸಿನ ಜೊತೆ ತಿರುಗುವ ಆಯಿಲ್ ಹಿಂದಿರುಗದೆ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಲಕ್ಷಣವೂ ಜನರನ್ನು ದಾರಿ ತಪ್ಪಿಸುತ್ತದೆ. ಮೊದಲ ಮುಕ್ಕಾಲು ಗಂಟೆ ಒಳ್ಳೆಯ ತಂಪು, ಆಮೇಲೆ ಗಾಳಿಯೇ ಸಣ್ಣಗಾಗಿ ನಿಲ್ಲುವುದು, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುವುದು. ಇದು ಇವ್ಯಾಪರೇಟರಿಗೆ ಮಂಜು ಕಟ್ಟಿದ ಲಕ್ಷಣ; ಅದರ ತಾಪ ಅಳೆದು ಕಂಪ್ರೆಸರನ್ನು ನಿಲ್ಲಿಸಬೇಕಾದ ಥರ್ಮಿಸ್ಟರ್ ಕೆಟ್ಟಿರಬಹುದು. ಕ್ಲಚ್ ಇಲ್ಲದೆ ವಾಲ್ವಿನಿಂದಲೇ ನಿಯಂತ್ರಣವಾಗುವ ಹೊಸ ಕಂಪ್ರೆಸರುಗಳಲ್ಲಿ ‘ಟಕ್’ ಸದ್ದೇ ಇರುವುದಿಲ್ಲ. ಅಲ್ಲಿ ಸ್ಕ್ಯಾನರ್ ಹಾಕಿ ನೋಡದೆ ಕಂಪ್ರೆಸರ್ ಹೋಗಿದೆ ಎಂದು ಹೇಳುವುದು ಊಹೆ ಮಾತ್ರ.

ಈಗ ಗೇಜಿನ ಮಾತು. ಗ್ಯಾಸ್ ಕಡಿಮೆ ಎಂಬ ತೀರ್ಮಾನಕ್ಕೆ ಸಾಕ್ಷಿಯಾಗಿ ಮೆಕ್ಯಾನಿಕ್ ಗಿರಾಕಿಗೆ ತೋರಿಸುವುದು ನೀಲಿ, ಕೆಂಪು ಮುಳ್ಳುಗಳ ಈ ಗೇಜುಗಳನ್ನೇ. ಅವು ತೋರಿಸುವುದು ಒತ್ತಡ, ತೂಕವಲ್ಲ. ಎಂಜಿನ್ ನಿಂತಿರುವಾಗ ಎರಡೂ ಕಡೆಯ ಒತ್ತಡ ಒಂದೇ ಆಗುತ್ತದೆ; ಆರ್-134ಎಗೆ 30 ಡಿಗ್ರಿ ತಾಪದಲ್ಲಿ ಅದು ಸುಮಾರು 97 ಪಿಎಸ್ಐ. ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ, 200 ಗ್ರಾಂ ಇರಲಿ 450 ಗ್ರಾಂ ಇರಲಿ, ಮುಳ್ಳು ಅಲ್ಲೇ ನಿಲ್ಲುತ್ತದೆ. ಅಡುಗೆಮನೆಯ ಸಿಲಿಂಡರು ಮುಗಿಯುವ ಹಿಂದಿನ ದಿನದವರೆಗೂ ಒಲೆ ಅದೇ ಜೋರಿನಲ್ಲಿ ಉರಿಯುವುದಕ್ಕೂ ಇದೇ ಕಾರಣ. ಆದ್ದರಿಂದ ನಿಂತ ಕಾರಿನ ಗೇಜು ತೋರಿಸಿ ‘ಗ್ಯಾಸ್ ಫುಲ್ ಇದೆ’ ಎನ್ನುವುದೂ ಸರಿಯಲ್ಲ, ‘ಅರ್ಧ ಇದೆ’ ಎನ್ನುವುದೂ ಸರಿಯಲ್ಲ. ಓಡುತ್ತಿರುವಾಗ ಗೇಜು ನಿಜವಾಗಿ ಮಾತಾಡತೊಡಗುತ್ತದೆ. ಹೊರಗೆ 35 ಡಿಗ್ರಿ ಇರುವಾಗ ಕಡಿಮೆ ಒತ್ತಡದ ಕಡೆ ಸುಮಾರು 30ರಿಂದ 45, ಹೆಚ್ಚು ಒತ್ತಡದ ಕಡೆ 200ರಿಂದ 250 ಪಿಎಸ್ಐ ಆಸುಪಾಸು ಇರುವುದು ಸಾಮಾನ್ಯ. ಕಾರಿನಿಂದ ಕಾರಿಗೆ ಇದು ಹೆಚ್ಚು ಕಡಿಮೆಯಾಗುತ್ತದೆ. ಎರಡೂ ತಗ್ಗಿದ್ದರೆ ಗ್ಯಾಸ್ ಕಡಿಮೆ ಎಂಬ ಶಂಕೆಗೆ ಬಲ ಬರುತ್ತದೆ. ಕೆಳಗಿನದು ಏರಿ ಮೇಲಿನದು ಇಳಿದಿದ್ದರೆ ಕಂಪ್ರೆಸರಿಗೆ ಒತ್ತುವ ಶಕ್ತಿ ಉಳಿದಿಲ್ಲ. ಕೆಳಗಿನದು ಸೊನ್ನೆಯ ಹತ್ತಿರ ಬಂದು ನಿಂತರೆ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಿಕೊಂಡಿರಬಹುದು. ಎರಡೂ ಏರಿದ್ದರೆ ಫ್ಯಾನ್ ಕೆಟ್ಟಿರಬಹುದು, ಕಂಡೆನ್ಸರ್ ಕೊಳೆಯಾಗಿರಬಹುದು, ಒಳಗೆ ಗಾಳಿ ಸೇರಿರಬಹುದು, ಇಲ್ಲವೇ ಹಿಂದೆ ಯಾರೋ ಗ್ಯಾಸನ್ನು ಹೆಚ್ಚಿಗೆ ತುಂಬಿರಬಹುದು. ಈ ಕೊನೆಯ ಸಾಲಿನ ಒಂದು ಕಾಯಿಲೆಗೂ ಇನ್ನಷ್ಟು ಗ್ಯಾಸು ಮದ್ದಲ್ಲ. ಗ್ಯಾಸ್ ಎಷ್ಟಿದೆ ಎಂದು ಖಚಿತವಾಗಿ ತಿಳಿಯುವ ದಾರಿ ಒಂದೇ: ಇರುವುದನ್ನೆಲ್ಲ ರಿಕವರಿ ಯಂತ್ರದಿಂದ ಹೊರತೆಗೆದು ತೂಗಿ, ಚೀಟಿಯಲ್ಲಿ ಬರೆದಷ್ಟನ್ನೇ ತೂಗಿ ತುಂಬುವುದು.

ಸೋರಿಕೆಯೇ ಹೌದು ಎಂದಾದ ಮೇಲೂ ಆತುರ ಸಲ್ಲದು. ಗ್ಯಾಸ್ ಹೊರಬರುವಾಗ ಅದರ ಜೊತೆ ಆಯಿಲೂ ತುಸು ಬರುತ್ತದೆ, ಅದಕ್ಕೆ ಧೂಳು ಅಂಟಿಕೊಳ್ಳುತ್ತದೆ. ಹಾಗಾಗಿ ಪೈಪಿನ ಜೋಡಣೆಯಲ್ಲೋ ಕಂಡೆನ್ಸರಿನ ಮೂಲೆಯಲ್ಲೋ ಕಾಣುವ ಕಪ್ಪು ಜಿಡ್ಡಿನ ಕಲೆ ಒಳ್ಳೆಯ ಸುಳಿವು. ಅಲ್ಲಿ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಬೇಕು. ಸಿಗದಿದ್ದರೆ ಯುವಿ ಡೈ ಹಾಕಿ ಕೆಲವು ದಿನ ಓಡಿಸಿ ನೀಲಿ ಬೆಳಕಿನಲ್ಲಿ ಹುಡುಕಬೇಕು. ಎಷ್ಟೋ ಸಲ ತಪ್ಪಿತಸ್ಥ ಗ್ಯಾಸ್ ತುಂಬುವ ಬಾಯಿಯೊಳಗಿನ ಪುಟ್ಟ ವಾಲ್ವ್ ಪಿನ್ನು, ಇಲ್ಲವೇ ಗಟ್ಟಿಯಾದ ಒಂದು ರಬ್ಬರ್ ಓ-ರಿಂಗ್. ಎರಡೂ ಅಗ್ಗದ ವಸ್ತುಗಳು. ಕಾರವಾರ, ಮಂಗಳೂರಿನ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಕಂಡೆನ್ಸರ್ ಬೇಗ ತಿನ್ನಿಸಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಸಿಡಿದ ಕಲ್ಲು ಅದನ್ನು ತೂತು ಮಾಡುತ್ತದೆ. ಇವ್ಯಾಪರೇಟರ್ ಸೋರಿದ್ದರೆ ಮಾತ್ರ ಕಷ್ಟ, ಏಕೆಂದರೆ ಬಹುತೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ವ್ಯಾಕ್ಯೂಮ್ ಹಿಡಿದು ಮುಳ್ಳು ಅಲುಗದಿದ್ದರೆ ಸೋರಿಕೆ ಇಲ್ಲ ಎಂದು ಹೇಳುವ ರೂಢಿಯೊಂದಿದೆ. ಆದರೆ ವ್ಯಾಕ್ಯೂಮಿನಲ್ಲಿ ಹೊರಗಿನ ಗಾಳಿ ಒಳಕ್ಕೆ ತಳ್ಳುವುದು ಹೆಚ್ಚೆಂದರೆ ಒಂದು ಬಾರ್ ಒತ್ತಡದಲ್ಲಿ, ಎ.ಸಿ. ಓಡುವಾಗ ಒಳಗಿನಿಂದ ಹೊರಕ್ಕೆ 14 ಬಾರ್‌ಗೂ ಮೇಲೆ ಒತ್ತಡವಿರುತ್ತದೆ. ಮೊದಲನೆಯದರಲ್ಲಿ ಮುಚ್ಚಿಕೊಳ್ಳುವ ಬಿರುಕು ಎರಡನೆಯದರಲ್ಲಿ ತೆರೆದುಕೊಳ್ಳುತ್ತದೆ. ಒಣ ನೈಟ್ರೋಜನ್ ತುಂಬಿ ನೋಡುವ ಪರೀಕ್ಷೆಯೇ ಹೆಚ್ಚು ನಂಬಲರ್ಹ. ಹಾಗೆಂದು ವ್ಯಾಕ್ಯೂಮನ್ನು ಬಿಡುವಂತಿಲ್ಲ, ಅದರ ಕೆಲಸ ಬೇರೆ. ಒಳಗೆ ಉಳಿದ ತೇವವನ್ನು ಮಾಮೂಲಿ ತಾಪದಲ್ಲೇ ಕುದಿಸಿ ಹೊರಗೆಳೆಯಲು ಆಳವಾದ ವ್ಯಾಕ್ಯೂಮ್ ಬೇಕು, ಅದನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಿಡಿಯಬೇಕು. ಐದು ನಿಮಿಷದಲ್ಲಿ ಮುಗಿಸಿದರೆ ಉಳಿದ ನೀರು ವಾಲ್ವಿನ ಬಾಯಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ. ಕಾಲಕ್ರಮದಲ್ಲಿ ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ.

ಕಾರಣ ಹುಡುಕದೆ ಗ್ಯಾಸ್ ತುಂಬಬಾರದು ಎಂಬ ಮಾತಿಗೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಯಾವ ಕಾರಿನ ಎ.ಸಿ.ಯೂ ಪೂರ್ತಿ ಬಿಗಿಯಾಗಿರುವುದಿಲ್ಲ, ರಬ್ಬರ್ ಪೈಪಿನ ಗೋಡೆಯ ಮೂಲಕವೂ ಗ್ಯಾಸು ಜಿನುಗುತ್ತದೆ, ಹಾಗಿರುವಾಗ ಟಾಪ್-ಅಪ್ ತಪ್ಪು ಹೇಗೆ ಎಂಬುದು ಒಂದು. ಜಿನುಗುವುದು ನಿಜ, ಆದರೆ ವರ್ಷಕ್ಕೆ ಕೆಲವೇ ಗ್ರಾಂ ಲೆಕ್ಕದಲ್ಲಿ. ಏಳೆಂಟು ವರ್ಷ ಕೈ ಹಾಕದ ಕಾರಿಗೆ ಹೊರತೆಗೆದು ತೂಗಿ ತುಂಬುವುದು ನ್ಯಾಯವಾದ ಕೆಲಸ. ಆರು ತಿಂಗಳಿಗೊಮ್ಮೆ ಗ್ಯಾಸ್ ಬೇಡುವ ಕಾರಿಗೆ ಈ ವಾದ ಅನ್ವಯಿಸುವುದಿಲ್ಲ. ಎರಡನೆಯ ಆಕ್ಷೇಪ ಗ್ಯಾರೇಜಿನವರದ್ದು: ಲಕ್ಷಗಟ್ಟಲೆ ಬೆಲೆಯ ರಿಕವರಿ ಯಂತ್ರವನ್ನು ಒಬ್ಬ ಸಣ್ಣ ಮೆಕ್ಯಾನಿಕ್ ಎಲ್ಲಿಂದ ತರಬೇಕು? ಇದು ನ್ಯಾಯವಾದ ಪ್ರಶ್ನೆ. ಆದರೆ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಥರ್ಮಾಮೀಟರ್, ಮಲ್ಟಿಮೀಟರ್, ಬಕೆಟ್ ನೀರು, ಸೋಪಿನ ನೊರೆ ಮತ್ತು ಅರ್ಧ ಗಂಟೆಯ ತಾಳ್ಮೆ. ಸಿಲಿಂಡರನ್ನು ಇಟ್ಟು ತುಂಬಲು ಒಂದು ಡಿಜಿಟಲ್ ತಕ್ಕಡಿ ದುಬಾರಿಯೇನಲ್ಲ. ಬೇಗ ಕೆಲಸ ಮುಗಿಯಲಿ ಎಂದು ಗಿರಾಕಿಯೇ ಅವಸರಿಸುತ್ತಾನೆ, ಹುಡುಕುವ ಕೆಲಸಕ್ಕೆ ದುಡ್ಡು ಕೊಡಲು ಒಪ್ಪುವುದಿಲ್ಲ ಎಂಬುದು ಮೂರನೆಯದು. ನನಗೆ ಕಾಣುವಂತೆ ಗಂಟು ಬಿದ್ದಿರುವುದು ಇಲ್ಲೇ. ಎದುರಿಗೆ ಕಾಣುವ ವಸ್ತುವಿಗೆ ನಾವು ಹಣ ಕೊಡುತ್ತೇವೆ, ಕಾಣದ ಯೋಚನೆಗೆ ಕೊಡುವುದಿಲ್ಲ. ಒಂದು ತಾಸು ಹುಡುಕಿ ‘ರಿಲೇ ಹೋಗಿದೆ’ ಎಂದ ಮೆಕ್ಯಾನಿಕ್ಕಿಗೆ ರಿಲೇಯ ಬೆಲೆಯನ್ನಷ್ಟೇ ಕೊಟ್ಟು ಹೊರಡುವ ಗಿರಾಕಿ, ಗ್ಯಾಸ್ ಹಾಕಿದವನಿಗೆ ಅದರ ಎಷ್ಟೋ ಪಟ್ಟು ಮರುಮಾತಿಲ್ಲದೆ ಕೊಡುತ್ತಾನೆ. ಹೀಗಿರುವಾಗ ಗ್ಯಾಸ್ ಹಾಕುವವರೇ ಹೆಚ್ಚುವುದು ಸಹಜ. ತಪಾಸಣೆಗೆಂದೇ ಬಿಲ್ಲಿನಲ್ಲಿ ಒಂದು ಸಾಲು, ಅದಕ್ಕೊಂದು ದರ ಇರಬೇಕು. ಅದನ್ನು ಗಿರಾಕಿ ಗೌರವದಿಂದ ಕೊಡಬೇಕು. ಕಂಪನಿಯ ಸರ್ವೀಸ್ ಸೆಂಟರಿಗೆ ಹೋದರೆ ಈ ಗೊಂದಲವಿಲ್ಲ ಎನ್ನುವವರಿದ್ದಾರೆ. ಅಲ್ಲಿ ಯಂತ್ರವಿರುತ್ತದೆ, ನಿಜ. ಆದರೆ ಒಂದು ಓ-ರಿಂಗ್ ಬದಲಿಸುವ ಕಡೆ ಇಡೀ ಭಾಗವನ್ನೇ ಬದಲಿಸುವ ಒಲವೂ ಇರುತ್ತದೆ. ಯಾವ ಬಾಗಿಲಿಗೆ ಹೋದರೂ ಹಳೆಯದು ಎಷ್ಟು ಗ್ರಾಂ ಹೊರಬಂತು, ಹೊಸದು ಎಷ್ಟು ಗ್ರಾಂ ಹೋಯಿತು, ಸೋರಿದ್ದು ಎಲ್ಲಿ ಎಂಬುದನ್ನು ಬರೆಸಿಕೊಳ್ಳುವುದು ಮಾಲೀಕನ ಹಕ್ಕು.

ಅಗ್ಗದ ಅಡ್ಡದಾರಿಗಳ ಬಗ್ಗೆ ಮೃದುವಾಗಿ ಮಾತಾಡಲಾಗದು. ಸೋರಿಕೆ ಮುಚ್ಚುವ ದ್ರವವೆಂದು ಮಾರುವ ಸೀಲೆಂಟ್ ವಾಲ್ವಿನಲ್ಲಿ ಗಟ್ಟಿಯಾಗಿ ಕೂರಬಹುದು, ಮುಂದೆ ಗ್ಯಾಸ್ ಹೊರತೆಗೆಯುವ ಯಂತ್ರವನ್ನೂ ಕೆಡಿಸಬಹುದು. ಆರ್-134ಎ ಬದಲು ಅಡುಗೆ ಅನಿಲದ ಜಾತಿಯ ಗ್ಯಾಸ್ ತುಂಬಿದರೆ ತಂಪಂತೂ ಬರುತ್ತದೆ. ಆದರೆ ಅದಕ್ಕಾಗಿ ರೂಪಿಸದ ಕಾರಿನಲ್ಲಿ ಇವ್ಯಾಪರೇಟರ್ ಸೋರಿದ ದಿನ ಕೂತವರ ಮೂಗಿನ ಮುಂದೆಯೇ ಉರಿಯುವ ಅನಿಲ ತುಂಬಿಕೊಳ್ಳುತ್ತದೆ. ನಕಲಿ ಗ್ಯಾಸು ಎಷ್ಟು ಘೋರವಾಗಬಲ್ಲದು ಎಂಬುದನ್ನು 2011ರಲ್ಲಿ ಹಡಗುಗಳ ಶೀತಲ ಕಂಟೇನರುಗಳು ತೋರಿಸಿದವು. ಆರ್-134ಎ ಹೆಸರಿನಲ್ಲಿ ತುಂಬಿದ ಅನಿಲದಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯೂಮಿನಿಯಮ್ಮಿನೊಡನೆ ವರ್ತಿಸಿ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ವಸ್ತುವಾಯಿತು. ಕಂಪ್ರೆಸರುಗಳು ಸಿಡಿದು ಕೆಲಸಗಾರರು ಸತ್ತರು. ಕಾರಿನ ಎ.ಸಿ.ಯಲ್ಲೂ ಅಲ್ಯೂಮಿನಿಯಮ್ಮೇ ಹೆಚ್ಚು. ಯಾವ ಸಿಲಿಂಡರಿನಿಂದ ಗ್ಯಾಸ್ ಬರುತ್ತಿದೆ ಎಂದು ಕೇಳಿ ನೋಡುವುದನ್ನು ಅನುಮಾನದ ಸ್ವಭಾವವೆಂದು ಯಾರೂ ಎಣಿಸಬೇಕಿಲ್ಲ.

ಕಾರಿನಿಂದ ಹೊರಬಿದ್ದ ಗ್ಯಾಸು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯನ್ನು ಗ್ಯಾರೇಜಿನಲ್ಲಿ ಯಾರೂ ಕೇಳುವುದಿಲ್ಲ. ಹಿಂದೆ ಕಾರುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ತಿನ್ನುತ್ತದೆ ಎಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದ ಅಡಿ ಅದನ್ನು ಹಂತಹಂತವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೇಡು ಮಾಡುವುದಿಲ್ಲ, ಆದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಒಂದು ಸಣ್ಣ ಕಾರಿನ 400 ಗ್ರಾಂ ಪೂರ್ತಿ ಸೋರಿದರೆ ಅದು ಸುಮಾರು 570 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಲೀಟರ್ ಪೆಟ್ರೋಲಿಗೆ 2.3 ಕಿಲೋದಂತೆ ಹಿಡಿದರೆ ಹೆಚ್ಚುಕಡಿಮೆ 250 ಲೀಟರ್ ಸುಟ್ಟ ಹಾಗೆ. ಸೋರುವ ಕಾರಿಗೆ ಮತ್ತೆ ಮತ್ತೆ ತುಂಬಿಸುವುದೆಂದರೆ ಮತ್ತೆ ಮತ್ತೆ ಇಷ್ಟನ್ನು ಗಾಳಿಗೆ ಬಿಡುವುದು. ಇಂಥ ಅನಿಲಗಳನ್ನು ತಗ್ಗಿಸಲೆಂದೇ 2016ರಲ್ಲಿ ಅದೇ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ನಮ್ಮ ಕಡಿತ 2032ರಿಂದ ಆರಂಭವಾಗಿ 2047ಕ್ಕೆ ಶೇಕಡ 85 ಮುಟ್ಟಬೇಕು. 2019ರ ಭಾರತ ಕೂಲಿಂಗ್ ಕ್ರಿಯಾಯೋಜನೆ 2037–38ರ ಹೊತ್ತಿಗೆ ತಂಪಿಗೆ ಬಳಸುವ ಅನಿಲಗಳ ಬೇಡಿಕೆಯನ್ನು ಶೇಕಡ 25ರಿಂದ 30ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿದೆ, ವಾಹನಗಳ ಎ.ಸಿ.ಯನ್ನೂ ಅದರ ವ್ಯಾಪ್ತಿಗೆ ತಂದಿದೆ. ಹೊಸ ಕಾರುಗಳಿಗೆ ಬೇರೆ ಗ್ಯಾಸ್ ಬಂದರೂ ರಸ್ತೆಯಲ್ಲಿರುವ ಹಳೆಯ ಕಾರುಗಳು ಇನ್ನೂ ಹತ್ತು ಹದಿನೈದು ವರ್ಷ ಆರ್-134ಎ ಮೇಲೆಯೇ ಓಡುತ್ತವೆ. ಅಲ್ಲಿಯವರೆಗೆ ಈ ಗುರಿಯ ಒಂದು ಪಾಲು ಈಡೇರಬೇಕಾದದ್ದು ಗ್ಯಾರೇಜಿನ ನೆಲದ ಮೇಲೆ, ಒಂದೊಂದೇ ಓ-ರಿಂಗ್ ಬದಲಿಸುವ ಕೈಗಳಲ್ಲಿ.

ಎ.ಸಿ. ಉಳ್ಳವರ ಸುಖ, ಅದಕ್ಕೇಕೆ ಇಷ್ಟು ಚರ್ಚೆ ಎನ್ನುವವರಿಗೆ ಕಾಲವೇ ಉತ್ತರಿಸುತ್ತಿದೆ. ಅನೇಕ ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವುದೂ ಇದೇ ಗ್ಯಾಸಿನ ಸುತ್ತು, ಅಲ್ಲಿ ಎ.ಸಿ. ಕೆಟ್ಟರೆ ಚಾರ್ಜಿಂಗ್ ವೇಗ, ಬ್ಯಾಟರಿಯ ಬಾಳಿಕೆ ಎಲ್ಲಕ್ಕೂ ಪೆಟ್ಟು. ಆ ಕಂಪ್ರೆಸರುಗಳು ನೂರಾರು ವೋಲ್ಟಿನ ವಿದ್ಯುತ್ತಿನಲ್ಲಿ ಓಡುತ್ತವೆ. ಕರೆಂಟು ಹರಿಯಗೊಡದ ಬೇರೆಯೇ ಜಾತಿಯ ಆಯಿಲ್ ಅವುಗಳಿಗೆ ಬೇಕು. ಪೆಟ್ರೋಲ್ ಕಾರಿನ ಆಯಿಲ್ ತುಸು ಬೆರೆತರೂ ಒಳಗಿನ ವಿದ್ಯುತ್ ನಿರೋಧ ಕುಸಿಯುತ್ತದೆ. ಅಂದಾಜಿನ ಟಾಪ್-ಅಪ್ಪಿಗೆ ಅಲ್ಲಿ ಜಾಗವೇ ಇಲ್ಲ. ಇನ್ನು ಲಾರಿಗಳು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಕಲಬುರಗಿಯ ಮೇ ತಿಂಗಳ 42–43 ಡಿಗ್ರಿಯಲ್ಲಿ ಎಂಜಿನ್ನಿನ ಪಕ್ಕ ಕೂತು ದಿನಕ್ಕೆ ಹತ್ತು ಹನ್ನೆರಡು ತಾಸು ಓಡಿಸುವ ಚಾಲಕನಿಗೆ ಅದು ಸುಖವಲ್ಲ, ಎಚ್ಚರವಾಗಿರಲು ಬೇಕಾದ ಸೌಲಭ್ಯ. ಆ ಲಾರಿಗಳ ಎ.ಸಿ. ಕೆಟ್ಟಾಗ ಅವು ಹೋಗಿ ನಿಲ್ಲುವುದು ಹುಬ್ಬಳ್ಳಿ, ಚಿತ್ರದುರ್ಗ, ಹೊಸಪೇಟೆಯ ಹೆದ್ದಾರಿ ಬದಿಯ ಗ್ಯಾರೇಜುಗಳ ಮುಂದೆ. ತಕ್ಕಡಿ, ನೈಟ್ರೋಜನ್ ಸಿಲಿಂಡರು, ಹಂಚಿಕೊಂಡು ಬಳಸಬಹುದಾದ ರಿಕವರಿ ಯಂತ್ರ, ಕನ್ನಡದಲ್ಲೇ ಬರೆದ ಒಂದು ತಪಾಸಣಾ ಪಟ್ಟಿ ಇವೆಲ್ಲ ಆ ಗ್ಯಾರೇಜುಗಳಿಗೆ ತಲುಪಬೇಕು, ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಓದುವ ಹುಡುಗರಿಗೆ ಈ ಪಾಠ ಕೈಯಾರೆ ಮಾಡಿಸಿ ಕಲಿಸಬೇಕು. ಮೊದಲ ತಂಡದ ಲಾರಿಗಳು ವಾರಂಟಿ ಮುಗಿಸಿ ಹೊರಗಿನ ಗ್ಯಾರೇಜಿಗೆ ಬರಲು ಹೆಚ್ಚು ವರ್ಷ ಉಳಿದಿಲ್ಲ.